ಸಿಪ್ಪೆಯಲ್ಲಿದೆ ಜೀವ

ಬಾಳೆಹಣ್ಣು ಸುಲಿದು ತಿರುಳು ತಿಂದು ಸಿಪ್ಪೆಯನ್ನು ದನದ ಮುಂದೆ ಹಾಕುವುದು ಎಲ್ಲ ಮನೆಗಳ ರೂಢಿ. ಕಿತ್ತಳೆ, ಹಲಸು, ದಾಳಿಂಬೆ ಯಾವುದೇ ಇರಲಿ, ಬೆಲೆಯೆಲ್ಲ ಒಳಗಿನದಕ್ಕೆ. ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವಾಗಲೂ ಅಷ್ಟೇ, ತಿರುಳು ಹಿಡಿದುಕೊ, ಸಿಪ್ಪೆ ಬಿಡು ಎನ್ನುತ್ತಾರೆ. ಆದರೆ ಮನುಷ್ಯನ ಹೊಟ್ಟೆಯೊಳಗೆ, ಬೆನ್ನಿನ ಬದಿಗೆ, ಈ ಲೆಕ್ಕವನ್ನು ತಲೆಕೆಳಗು ಮಾಡುವ ಒಂದು ಜೊತೆ ಗ್ರಂಥಿಗಳಿವೆ. ಅವಕ್ಕೂ ಒಂದು ಸಿಪ್ಪೆ, ಒಂದು ತಿರುಳು. ಹೆಸರು ಕೀರ್ತಿಯೆಲ್ಲ ತಿರುಳಿನ ಪಾಲಾಗಿದೆ. ಜೀವ ಉಳಿಸುವ ಕೆಲಸ ಮಾತ್ರ ಸಿಪ್ಪೆಯದು. ತಿರುಳು ಇಲ್ಲದೆ ಹೋದರೂ ಮನುಷ್ಯ ಬದುಕುತ್ತಾನೆ. ಸಿಪ್ಪೆ ಕೆಟ್ಟು, ಅದರ ರಸಗಳು ಔಷಧದ ರೂಪದಲ್ಲಿಯೂ ದೊರೆಯದೆ ಹೋದರೆ ಬದುಕುವುದಿಲ್ಲ.

ಇವೇ ಅಡ್ರಿನಲ್ ಗ್ರಂಥಿಗಳು. ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಇವುಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತಾರೆ. ಆ ಚಿತ್ರಕ್ಕೂ ಮನೆಯ ಔಷಧಿ ಡಬ್ಬಕ್ಕೂ, ಪರೀಕ್ಷೆಯ ಮುನ್ನಾ ದಿನದ ರಾತ್ರಿಗೂ ಇರುವ ಸಂಬಂಧ ಮಾತ್ರ ಅನೇಕರ ಗಮನಕ್ಕೆ ಬರುವುದಿಲ್ಲ.

ಮೂತ್ರಪಿಂಡದ ಮೇಲಿನ ಟೋಪಿ

ಸೊಂಟದ ಮೇಲ್ಭಾಗದಲ್ಲಿ ಬೆನ್ನಿಗೆ ಒತ್ತಿಕೊಂಡಿರುವ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಟೋಪಿ ಇಟ್ಟಂತೆ ಇವು ಕುಳಿತಿವೆ. ಬಲಗಡೆಯದು ಮೂರು ಮೂಲೆಯ ಟೋಪಿ. ಎಡಗಡೆಯದು ಅರ್ಧಚಂದ್ರಾಕಾರ. ಒಂದೊಂದರ ತೂಕ 4ರಿಂದ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಜೊಲ್ಲಿನ ಗ್ರಂಥಿಗೆ, ಬೆವರಿನ ಗ್ರಂಥಿಗೆ ತಾವು ತಯಾರಿಸಿದ ರಸವನ್ನು ಸಾಗಿಸಲು ಸಣ್ಣ ನಾಳಗಳಿವೆ. ಅಡ್ರಿನಲ್ ಗ್ರಂಥಿಗೆ ಅಂಥ ನಾಳವಿಲ್ಲ. ಅದು ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಬೆರೆಸುತ್ತದೆ. ಆದ್ದರಿಂದಲೇ ಇದು ನಿರ್ನಾಳ ಗ್ರಂಥಿ. ಆ ರಸವೇ ಹಾರ್ಮೋನು. ನಾಳವಿಲ್ಲದ್ದರಿಂದಲೇ ಹಿಂದಿನವರಿಗೆ ಇದರ ಕೆಲಸವೇನೆಂದು ತಿಳಿಯಲಿಲ್ಲ. ಇಟಲಿಯ ಬಾರ್ತೊಲೊಮಿಯೊ ಯುಸ್ಟಾಕಿ 16ನೇ ಶತಮಾನದಲ್ಲಿಯೇ ಇವನ್ನು ಕಂಡು ವರ್ಣಿಸಿದ್ದ. ಅವನು ಮಾಡಿಸಿದ ಚಿತ್ರಗಳು ಅಚ್ಚಾಗಿ ಹೊರಬಂದದ್ದು 1714ರಲ್ಲಿ. ಎರಡು ವರ್ಷಗಳ ತರುವಾಯ ಫ್ರಾನ್ಸಿನ ಬೋರ್ಡೋ ನಗರದ ವಿದ್ವತ್ ಸಂಸ್ಥೆಯೊಂದು ‘ಈ ಗ್ರಂಥಿಗಳಿಂದ ಏನು ಉಪಯೋಗ?’ ಎಂಬ ಪ್ರಶ್ನೆಗೆ ಬಹುಮಾನ ಇಟ್ಟಿತು. ಬಂದ ಪ್ರಬಂಧಗಳನ್ನು ನೋಡಿ 1718ರಲ್ಲಿ ವರದಿ ಕೊಟ್ಟವನು ಸಮಾಜ ವಿಜ್ಞಾನದ ಪಾಠದಲ್ಲಿ ಅಧಿಕಾರ ವಿಭಜನೆಯ ಹೆಸರಿನೊಡನೆ ಬರುವ ಅದೇ ಮೊಂಟೆಸ್ಕ್ಯೂ. ಯಾವ ಉತ್ತರವೂ ಅವನಿಗೆ ಒಪ್ಪಿಗೆಯಾಗಲಿಲ್ಲ, ಬಹುಮಾನ ಯಾರಿಗೂ ಸಿಗಲಿಲ್ಲ. ಸರಿಯಾದ ಉತ್ತರದ ಮೊದಲ ಸಾಲು ಬರೆಯಲು ಇನ್ನೂ 137 ವರ್ಷಗಳು ಬೇಕಾದವು!

ಎದೆ ಝಲ್ಲೆಂದಾಗ

ಮೊದಲು ಕೀರ್ತಿವಂತ ತಿರುಳಿನ ಕಥೆ ನೋಡೋಣ. ಕತ್ತಲಲ್ಲಿ ಹಿತ್ತಲಿಗೆ ಹೋದ ಹೆಂಗಸಿನ ಕಾಲ ಬಳಿ ಏನೋ ಸರಕ್ಕೆಂದು ಹರಿಯಿತು ಎನ್ನಿ. ಆ ಕ್ಷಣವೇ ಎದೆ ಝಲ್ಲೆನ್ನುತ್ತದೆ. ಬಾಯಿ ಒಣಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಮೈ ಕೂದಲು ನಿಮಿರುತ್ತದೆ. ಕಣ್ಣು ಅರಳುತ್ತದೆ. ಅದು ಹಾವೋ ಹಗ್ಗವೋ ಎಂದು ನಿರ್ಧರಿಸುವ ಮೊದಲೇ ಅವಳು ಎರಡು ಮಾರು ಹಿಂದೆ ಹಾರಿರುತ್ತಾಳೆ. ಇದನ್ನೆಲ್ಲ ಕನ್ನಡಿಗರು ಎಂದಿನಿಂದಲೂ ಬಲ್ಲರು. ಇದಕ್ಕೆಲ್ಲ ಭಾಷೆಯಲ್ಲಿ ಮಾತುಗಳಿವೆ. ಗುಂಡಿಗೆ ಬಾಯಿಗೆ ಬಂತು, ನಾಲಿಗೆ ಪಸೆ ಆರಿತು, ಮೈ ನವಿರೆದ್ದಿತು ಎಂದು ಹೇಳುತ್ತ ಬಂದವರಿಗೆ ಅದರ ಹಿಂದಿನ ಯಂತ್ರ ಮಾತ್ರ ಗೊತ್ತಿರಲಿಲ್ಲ.

ಆ ಯಂತ್ರ ಹೀಗಿದೆ ನೋಡಿ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳು ಬೆನ್ನುಹುರಿಯ ಮೂಲಕ ನರಗಳಿಗೆ ಸುದ್ದಿ ಕಳುಹಿಸುತ್ತದೆ. ಕೆಲವು ನರಗಳು ಹೃದಯಕ್ಕೆ, ಕರುಳಿಗೆ, ಚರ್ಮಕ್ಕೆ ಹೋಗುತ್ತವೆ. ಕೆಲವು ಅಡ್ರಿನಲ್ ಗ್ರಂಥಿಯ ತಿರುಳಿಗೆ ಹೋಗುತ್ತವೆ. ಮೆಡುಲ್ಲಾ ಎಂದು ಕರೆಯುವ ಈ ತಿರುಳು ಹುಟ್ಟಿನಿಂದ ನರಗಳ ಕುಲಕ್ಕೆ ಸೇರಿದ್ದು. ಸುದ್ದಿ ಬಂದ ಕ್ಷಣವೇ ಅದು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸುರಿಯುತ್ತದೆ. ಅದರಲ್ಲಿ ಸುಮಾರು 80 ಪಾಲು ಅಡ್ರಿನಲಿನ್. ಹೃದಯ ಬೇಗ ಬೇಗ ಬಡಿಯುತ್ತದೆ. ಶ್ವಾಸಕೋಶದ ಗಾಳಿಕೊಳವೆಗಳು ಅಗಲವಾಗುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ಸ್ನಾಯುಗಳತ್ತ ರಕ್ತ ಹೆಚ್ಚು ಹರಿಯುತ್ತದೆ. ಕೈ ತಣ್ಣಗಾಗುವುದು, ಮುಖ ಬಿಳಿಚಿಕೊಳ್ಳುವುದು ಅದಕ್ಕೇ. ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಾವಿನೆದುರು ನಿಂತವರಿಗೆ ಉಂಡ ಅನ್ನ ಅರಗಿಸುವ ಅವಸರವೇನು?

1894ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಈ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿ ರಕ್ತದೊತ್ತಡ ಒಮ್ಮೆಲೇ ಏರುವುದನ್ನು ಕಂಡರು. 1901ರ ವೇಳೆಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ತಾಕಾಮಿನೆ ಅದನ್ನು ಶುದ್ಧ ಹರಳುಗಳಾಗಿ ಬೇರ್ಪಡಿಸಿ ಅಡ್ರಿನಲಿನ್ ಎಂದು ಹೆಸರಿಟ್ಟ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಎಲ್ಲ ಬದಲಾವಣೆಗಳಿಗೂ ಒಂದೇ ಗುರಿ ಎಂದು ತೋರಿಸಿದ: ಎದುರಿಸಿ ಹೋರಾಡು, ಇಲ್ಲವೇ ಓಡಿ ಪಾರಾಗು. ಇಂದಿಗೂ ಔಷಧದ ಅಥವಾ ಕಣಜದ ಕಡಿತದ ಅಲರ್ಜಿಯಿಂದ ಗಂಟಲು ಬಿಗಿದು ರಕ್ತದೊತ್ತಡ ಕುಸಿದವರಿಗೆ ಮೊದಲು ಕೊಡುವ ಇಂಜೆಕ್ಷನ್ ಇದೇ.

ಇಷ್ಟೆಲ್ಲ ಆರ್ಭಟ ಮಾಡುವ ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಎಷ್ಟು ಹೊತ್ತು? ಎರಡು ಮೂರು ನಿಮಿಷಗಳಲ್ಲಿ ಅರ್ಧಕ್ಕರ್ಧ ಮಾಯವಾಗಿರುತ್ತದೆ. ಅಷ್ಟೇ ಅಲ್ಲ, ಗಡ್ಡೆಯೋ ಮತ್ತೇನೋ ಕಾರಣಕ್ಕೆ ಎರಡೂ ಅಡ್ರಿನಲ್ ಗ್ರಂಥಿಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗ ವೈದ್ಯರು ರೋಗಿಗೆ ಜೀವನಪೂರ್ತಿ ಕೊಡುವ ಮಾತ್ರೆಗಳಲ್ಲಿ ಅಡ್ರಿನಲಿನ್ ಇರುವುದಿಲ್ಲ. ಹೃದಯಕ್ಕೆ ನೇರವಾಗಿ ಹೋಗುವ ನರಗಳ ತುದಿಯಲ್ಲಿಯೇ ನಾರ್‌ಅಡ್ರಿನಲಿನ್ ಸಿಗುವುದರಿಂದ ದೇಹ ಹೇಗೋ ನಿಭಾಯಿಸಿಕೊಳ್ಳುತ್ತದೆ. ಆ ಮಾತ್ರೆಗಳಲ್ಲಿ ಇರುವುದು ಸಿಪ್ಪೆಯ ಹಾರ್ಮೋನುಗಳು. ಅವು ತಪ್ಪಿದರೆ ಮಾತ್ರ ನಿಭಾಯಿಸಿಕೊಳ್ಳುವ ಮಾತೇ ಇಲ್ಲ.

ಅಡಿಸನ್ ಕಂಡ ರೋಗಿಗಳು

ಸಿಪ್ಪೆಯ ಮಹತ್ವ ಮೊದಲು ತಿಳಿದದ್ದು ಅದು ಕೆಟ್ಟಾಗ. ಇದ್ದಾಗ ಗೊತ್ತಾಗದ ಬೆಲೆ ಇಲ್ಲದಾಗ ಗೊತ್ತಾಗುವುದು ಮನುಷ್ಯರ ವಿಷಯದಲ್ಲಿ ಮಾತ್ರವಲ್ಲ, ಗ್ರಂಥಿಗಳ ವಿಷಯದಲ್ಲಿಯೂ ನಿಜ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ 11 ರೋಗಿಗಳ ವಿವರಗಳಿದ್ದವು. ದಿನದಿನಕ್ಕೆ ಹೆಚ್ಚುವ ಸುಸ್ತು, ದುರ್ಬಲವಾದ ನಾಡಿ, ವಾಕರಿಕೆ, ಊಟ ಸೇರದಿರುವುದು, ಜೊತೆಗೆ ಬಿಸಿಲಿಗೆ ಹೋಗದಿದ್ದರೂ ಚರ್ಮ ಕಂಚಿನಂತೆ ಕಪ್ಪಾಗುವುದು ಈ ರೋಗದ ಲಕ್ಷಣಗಳು. ಸತ್ತವರ ದೇಹ ಪರೀಕ್ಷಿಸಿದಾಗ ಕೆಟ್ಟಿದ್ದದ್ದು ಅಡ್ರಿನಲ್ ಗ್ರಂಥಿ. ಹಲವರಲ್ಲಿ ಕ್ಷಯರೋಗ ಅದನ್ನು ತಿಂದುಹಾಕಿತ್ತು. ಮರುವರ್ಷ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಪ್ರಾಣಿಗಳಲ್ಲಿ ಎರಡೂ ಗ್ರಂಥಿಗಳನ್ನು ತೆಗೆದು ನೋಡಿದ. ಅವು ಬೇಗನೆ ಸತ್ತವು. ಬೋರ್ಡೋದ ಪ್ರಶ್ನೆಗೆ ಉತ್ತರ ಸಿಕ್ಕಿತು: ಇದು ಇಲ್ಲದೆ ಬದುಕಿಲ್ಲ.

ಅಡಿಸನ್ ಕಾಯಿಲೆ ಅಪರೂಪ. ಆದರೆ ಇಂದು ಅದು ಮರಣಶಾಸನವಲ್ಲ. ಅಮೆರಿಕದ ಜಾನ್ ಎಫ್. ಕೆನಡಿಗೆ 1947ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆ ಇರುವುದು ಪತ್ತೆಯಾಯಿತು. ಕೊರತೆಯಾದ ಹಾರ್ಮೋನನ್ನು ಔಷಧದ ರೂಪದಲ್ಲಿ ಪಡೆಯುತ್ತಲೇ ಅವರು 1961ರಲ್ಲಿ ರಾಷ್ಟ್ರಾಧ್ಯಕ್ಷರಾದರು.

ಮೂರು ಪದರ, ಮೂರು ಕೆಲಸ

ಈ ಸಿಪ್ಪೆಗೆ ಕಾರ್ಟೆಕ್ಸ್ ಎಂದು ಹೆಸರು. ಸಿಪ್ಪೆ ಎಂದರೆ ತೆಳುವಾಗಿದೆ ಎಂದುಕೊಳ್ಳಬೇಡಿ. ಗ್ರಂಥಿಯ ಹತ್ತರಲ್ಲಿ ಎಂಟು ಒಂಬತ್ತು ಪಾಲು ಇದೇ. ಈರುಳ್ಳಿಯ ಹಾಗೆ ಇದರಲ್ಲಿ ಪದರಗಳಿವೆ, ಒಟ್ಟು ಮೂರು. ಮೂರೂ ಪದರಗಳು ಕೊಲೆಸ್ಟರಾಲ್‌ನಿಂದಲೇ ತಮ್ಮ ಹಾರ್ಮೋನು ತಯಾರಿಸುತ್ತವೆ. ಹೃದಯಕ್ಕೆ ಶತ್ರು ಎಂದು ಎಲ್ಲರೂ ಬೈಯುವ ಕೊಲೆಸ್ಟರಾಲ್ ಇಲ್ಲಿ ಕಚ್ಚಾ ಮಾಲು! ಈ ಹಾರ್ಮೋನುಗಳ ಕುಲದ ಹೆಸರೇ ಸ್ಟೀರಾಯ್ಡ್.

ಹೊರಗಿನ ಪದರ ಅಲ್ಡೋಸ್ಟಿರೋನ್ ಸ್ರವಿಸುತ್ತದೆ. 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ತಮ್ಮ ಸಂಗಡಿಗರೊಡನೆ ಇದನ್ನು ಬೇರ್ಪಡಿಸಿದರು. ಇದರ ಕೆಲಸ ಉಪ್ಪಿನ ಉಸ್ತುವಾರಿ. ಮೂತ್ರದಲ್ಲಿ ಹರಿದು ಹೋಗಲಿದ್ದ ಸೋಡಿಯಂ ಅನ್ನು ತಡೆದು ರಕ್ತಕ್ಕೆ ಮರಳಿಸುತ್ತದೆ, ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಗೆ ಕಳಿಸುತ್ತದೆ. ಉಪ್ಪಿನ ಹಿಂದೆ ನೀರು, ನೀರಿನ ಹಿಂದೆ ರಕ್ತದೊತ್ತಡ. ಈ ಹಾರ್ಮೋನು ಇಲ್ಲದವರು ಉಪ್ಪಿಗಾಗಿ ಹಾತೊರೆಯುತ್ತಾರೆ. ಉಪ್ಪಿನಕಾಯಿ ಭರಣಿಗೆ ಕೈ ಹಾಕುವವರೆಲ್ಲ ರೋಗಿಗಳಲ್ಲ, ಹೆದರಬೇಡಿ. ಆದರೆ ಅತಿಯಾದ ಸುಸ್ತು, ತೂಕ ಇಳಿಯುವುದು, ಕಪ್ಪಾಗುವ ಚರ್ಮ ಇವುಗಳ ಜೊತೆ ಉಪ್ಪಿನ ಆಸೆಯೂ ಸೇರಿದರೆ ವೈದ್ಯರು ಕಿವಿ ನಿಮಿರಿಸುತ್ತಾರೆ.

ನಡುವಿನ ಪದರದ್ದು ಕಾರ್ಟಿಸಾಲ್. ಒಳಗಿನ ಪದರದ್ದು ಲೈಂಗಿಕ ಹಾರ್ಮೋನುಗಳ ಬೀಜರೂಪ. ಹೆಣ್ಣುಮಕ್ಕಳಲ್ಲಿ ಕಂಕುಳಿನ ಕೂದಲು ಬೆಳೆಯುವುದರಲ್ಲಿ ಇದರ ಪಾತ್ರವಿದೆ. ಆದರೆ ಇಲ್ಲಿಯ ಯಜಮಾನಿಕೆ ಕಾರ್ಟಿಸಾಲ್‌ನದು. ದಿನಕ್ಕೆ ಸುಮಾರು 10 ಮಿಲಿಗ್ರಾಂ ಮಾತ್ರ ತಯಾರಾಗುವ ಇದು ಮಾಡದ ಕೆಲಸವಿಲ್ಲ. ಊಟದಿಂದ ಊಟದ ನಡುವೆ ರಕ್ತದ ಸಕ್ಕರೆ ಕುಸಿಯದಂತೆ ಕಾಯುತ್ತದೆ. ರಕ್ತನಾಳಗಳ ಬಿಗಿ ಉಳಿಸುತ್ತದೆ. ಉರಿಯೂತ ಮಿತಿ ಮೀರದಂತೆ ಲಗಾಮು ಹಾಕುತ್ತದೆ. ಜ್ವರ, ಗಾಯ, ಶಸ್ತ್ರಕ್ರಿಯೆ ಬಂದಾಗ ಪ್ರಮಾಣ ಹಲವು ಪಟ್ಟು ಏರಿಸಿಕೊಂಡು ದೇಹವನ್ನು ಎತ್ತಿ ಹಿಡಿಯುತ್ತದೆ. ಅದಕ್ಕೊಂದು ದಿನಚರಿಯೂ ಇದೆ. ಮಧ್ಯರಾತ್ರಿಯ ಸುಮಾರಿಗೆ ಅತಿ ಕಡಿಮೆ. ಕೋಳಿ ಕೂಗುವ ಹೊತ್ತಿಗೆ ಏರಲಾರಂಭಿಸಿ ಮನೆಯವರು ಎದ್ದು ಕಾಫಿ ಕುಡಿಯುವ ವೇಳೆಗೆ ತುದಿ ಮುಟ್ಟುತ್ತದೆ.

ಇನ್ನೊಂದು ಸ್ವಾರಸ್ಯ. ಗ್ರಂಥಿಯೊಳಗೆ ರಕ್ತದ ಬಹುಪಾಲು ಸಿಪ್ಪೆಯಿಂದ ತಿರುಳಿನತ್ತ ಹರಿಯುತ್ತದೆ. ತಿರುಳಿನಲ್ಲಿ ನಾರ್‌ಅಡ್ರಿನಲಿನ್ ಅನ್ನು ಅಡ್ರಿನಲಿನ್ ಆಗಿ ಬದಲಿಸುವ ಕಿಣ್ವಕ್ಕೆ ಚೈತನ್ಯ ಕೊಡುವುದು ಹೀಗೆ ಹರಿದು ಬರುವ ಕಾರ್ಟಿಸಾಲ್. ಅಂದರೆ ತಿರುಳಿನ ಆರ್ಭಟವೂ ಸಿಪ್ಪೆಯ ದಯೆ!

1948ರ ವಿಸ್ಮಯ

ಕಾರ್ಟೆಕ್ಸಿನ ಹಾರ್ಮೋನುಗಳನ್ನು ಬೇರ್ಪಡಿಸಲು 1930ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಕೆಂಡಾಲ್, ಸ್ವಿಟ್ಜರ್ಲೆಂಡಿನ ಟಡಿಯಸ್ ರೈಕ್‌ಸ್ಟೈನ್ ಹಗಲಿರುಳು ದುಡಿದರು. ಕೆಂಡಾಲ್ ‘ಇ’ ಎಂದು ಗುರುತಿಟ್ಟ ಸಂಯುಕ್ತವೇ ಮುಂದೆ ಕಾರ್ಟಿಸೋನ್ ಎನಿಸಿತು. ಅದೇ ಆಸ್ಪತ್ರೆಯ ಫಿಲಿಪ್ ಹೆಂಚ್ ಎಂಬ ವೈದ್ಯ 1948ರ ಸೆಪ್ಟೆಂಬರಿನಲ್ಲಿ ಅದನ್ನು ರುಮಟಾಯ್ಡ್ ಸಂಧಿವಾತದಿಂದ ನರಳುತ್ತಿದ್ದ 29 ವರ್ಷದ ಮಹಿಳೆಗೆ ಚುಚ್ಚಿದರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು! 1950ರಲ್ಲಿ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು.

ಆದರೆ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಬೇರೆಯೇ ಚಿತ್ರ ಕಂಡಿತು. ಮುಖ ಚಂದ್ರನಂತೆ ದುಂಡಗಾಗುವುದು, ಹೊಟ್ಟೆ ಬಂದು ಕೈಕಾಲು ಸಣಕಲಾಗುವುದು, ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ಕಂದುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು, ಮೂಳೆ ಟೊಳ್ಳಾಗುವುದು ಇವೆಲ್ಲ ಒಂದರ ಹಿಂದೆ ಒಂದು ಬಂದವು. ದೇಹವೇ ಕಾರ್ಟಿಸಾಲ್ ಅತಿಯಾಗಿ ತಯಾರಿಸಿದಾಗ ಬರುವ ಇದೇ ಚಿತ್ರವನ್ನು ಹಾರ್ವೆ ಕುಶಿಂಗ್ ಎಂಬ ಶಸ್ತ್ರವೈದ್ಯ ಅದಕ್ಕೂ ಮೊದಲೇ ವರ್ಣಿಸಿದ್ದ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಸುಳ್ಳಲ್ಲ.

ಅಜ್ಜಿಯ ಸಂಚಿ

ತಾಲ್ಲೂಕು ಕೇಂದ್ರವೊಂದರ ಒಂದು ಮನೆ. ಅಪ್ಪ, ಅಮ್ಮ, ಎಸ್.ಎಸ್.ಎಲ್.ಸಿ. ಓದುವ ಮಗಳು, ಜೊತೆಗೆ ಅಜ್ಜಿ. ಅಜ್ಜಿಗೆ ಮಂಡಿನೋವು. ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ತಂದ ಮಾತ್ರೆ ನುಂಗಿದರು. ಮೂರನೆಯ ದಿನಕ್ಕೆ ನೋವು ಮಂಗಮಾಯ! ಚೀಟಿ ಇಲ್ಲ, ವೈದ್ಯರಿಲ್ಲ. ಮುಗಿದಾಗಲೆಲ್ಲ ಖಾಲಿ ಪಟ್ಟಿ ತೋರಿಸಿ ಮತ್ತೆ ತರುವುದು. ಹೀಗೆ ಒಂದು ವರ್ಷ ದಾಟಿತು. ಅಜ್ಜಿಯ ಕೆನ್ನೆ ತುಂಬಿಕೊಂಡಿತು. ‘ಈಗ ನೋಡಿ, ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀರಿ’ ಎಂದು ಅಕ್ಕಪಕ್ಕದವರು ಹೊಗಳಿದರು.

ಒಂದು ಮದುವೆ ಮನೆಯಲ್ಲಿ ನೆಂಟರೊಬ್ಬರು ಮಾತ್ರೆಯ ವಿಷಯ ಕೇಳಿ, ‘ಅಯ್ಯೋ, ಅದು ಸ್ಟೀರಾಯ್ಡ್ ಇರಬೇಕು, ಮೊದಲು ಬಿಸಾಕಿ’ ಎಂದರು. ಮಗನಿಗೆ ಗಾಬರಿಯಾಯಿತು. ಮನೆಗೆ ಬಂದವನೇ ಇದ್ದ ಮಾತ್ರೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದ. ಎರಡು ದಿನ ಅಜ್ಜಿ ಮಂಕಾಗಿದ್ದರು. ನಾಲ್ಕನೆಯ ದಿನ ಜ್ವರ ಬಂತು. ಐದನೆಯ ದಿನ ಬೆಳಿಗ್ಗೆ ವಾಂತಿ. ನೀರೂ ನಿಲ್ಲಲಿಲ್ಲ. ಎದ್ದು ಕೂತರೆ ಕಣ್ಣು ಕತ್ತಲೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಮಾತು ತೊದಲುತ್ತಿತ್ತು.

ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು. ವೈದ್ಯೆ ಕೇಳಿದರು, ‘ಇವರು ಯಾವುದಾದರೂ ಮಾತ್ರೆ ತಗೊಳ್ತಾ ಇದ್ದರಾ?’

‘ಈಗ ಏನೂ ಇಲ್ಲ ಮೇಡಂ. ಮೊದಲು ನೋವಿನ ಮಾತ್ರೆ ತಗೋತಿದ್ರು. ಅದನ್ನೂ ನಿಲ್ಲಿಸಿಬಿಟ್ವಿ.’

‘ಹೆಸರೇನು?’

ಮಗನಿಗೆ ಗೊತ್ತಿರಲಿಲ್ಲ. ಸೊಸೆಗೂ ಗೊತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಡುಗಿಗೆ ಒಂದು ನೆನಪಾಯಿತು. ಅಂಗಡಿಯವನಿಗೆ ತೋರಿಸಲು ಬೇಕಾಗುತ್ತದೆಂದು ಅಜ್ಜಿ ಖಾಲಿ ಪಟ್ಟಿಯೊಂದನ್ನು ಎಲೆಅಡಿಕೆ ಸಂಚಿಯಲ್ಲಿ ಮಡಚಿ ಇಟ್ಟುಕೊಳ್ಳುತ್ತಿದ್ದರು. ಸಂಚಿ ಅಜ್ಜಿಯ ಸೊಂಟದಲ್ಲಿಯೇ ಇತ್ತು. ಸುಣ್ಣ ಮೆತ್ತಿದ ಆ ಪಟ್ಟಿಯನ್ನು ಹುಡುಗಿ ಒರೆಸಿ ಕೊಟ್ಟಳು. ವೈದ್ಯೆ ಓದಿದರು: ಪ್ರೆಡ್ನಿಸೋಲೋನ್. ಕಾರ್ಟಿಸಾಲ್‌ನ ಕೆಲಸ ಮಾಡುವ, ಪ್ರಯೋಗಶಾಲೆಯಲ್ಲಿ ತಯಾರಾದ ಸ್ಟೀರಾಯ್ಡ್. ಮರುಕ್ಷಣವೇ ನರದೊಳಗೆ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಲೈನ್ ಆರಂಭವಾದವು. ಸಂಜೆಯ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು ಗಂಜಿ ಕೇಳಿದರು. ‘ಪುಟ್ಟಿ, ನಾಳೆ ನಿನಗೆ ಪರೀಕ್ಷೆ ಅಲ್ವೇನೆ? ಹೋಗಿ ಓದ್ಕೋ ಮಗಾ’ ಎಂದೂ ಹೇಳಿದರು.

ವೈದ್ಯೆ ಮಗನಿಗೆ ತಿಳಿಸಿ ಹೇಳಿದರು: ‘ನೋಡಿ, ಚೀಟಿ ಇಲ್ಲದೆ ಶುರು ಮಾಡಿದ್ದು ಒಂದು ತಪ್ಪು. ಒಂದೇ ದಿನಕ್ಕೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಇನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬರೋಣ. ತಿಂಗಳುಗಳೇ ಬೇಕಾಗಬಹುದು.’

ಮಲಗಿದ ಗ್ರಂಥಿ

ಅಜ್ಜಿಯ ದೇಹದಲ್ಲಿ ಏನಾಗಿತ್ತು? ಮನೆಯ ತಾರಸಿಯ ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿ ತುಂಬಿದಂತೆ ಒಳಗಿನ ತೇಲುವ ಚೆಂಡು ಮೇಲೆದ್ದು ನೀರು ಬರುವ ಬಾಯಿಯನ್ನು ಮುಚ್ಚುತ್ತದೆ. ನೀರು ಇಳಿದರೆ ಚೆಂಡೂ ಇಳಿದು ಬಾಯಿ ತೆರೆಯುತ್ತದೆ. ದೇಹದಲ್ಲಿಯೂ ಇದೇ ಏರ್ಪಾಡು. ಕಾರ್ಟಿಸಾಲ್ ಕಡಿಮೆಯಾದರೆ ಮಿದುಳಿನ ಹೈಪೋಥಲಾಮಸ್ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕಳುಹಿಸಿ ಅಡ್ರಿನಲ್ ಸಿಪ್ಪೆಯನ್ನು ಎಬ್ಬಿಸುತ್ತದೆ. ಕಾರ್ಟಿಸಾಲ್ ಸಾಕಷ್ಟಾದಾಗ ಮೇಲಿನವರಿಬ್ಬರೂ ಸುಮ್ಮನಾಗುತ್ತಾರೆ.

ಹೊರಗಿನಿಂದ ದಿನವೂ ಮಾತ್ರೆ ಬಂದು ಬಿದ್ದರೆ ತೊಟ್ಟಿ ಸದಾ ತುಂಬಿಯೇ ಇರುತ್ತದೆ. ಎಬ್ಬಿಸುವ ಕರೆ ಬರುವುದಿಲ್ಲ. ಕರೆ ಬಾರದ ಸಿಪ್ಪೆ ಕ್ರಮೇಣ ಸೊರಗಿ ಮಲಗಿಬಿಡುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿದ್ದ ಗ್ರಂಥಿ ಮಾತ್ರೆ ನಿಂತ ದಿನವೇ ಎದ್ದು ದುಡಿಯಲಾರದು. ಆ ಹೊತ್ತಿಗೆ ಸರಿಯಾಗಿ ಜ್ವರವೋ ಭೇದಿಯೋ ಅಪಘಾತವೋ ಬಂದರೆ ಹಲವು ಪಟ್ಟು ಬೇಕಾದ ಕಾರ್ಟಿಸಾಲ್ ಸ್ವಲ್ಪವೂ ಸಿಗುವುದಿಲ್ಲ. ವಾಂತಿ, ಸುಸ್ತು, ಕುಸಿಯುವ ರಕ್ತದೊತ್ತಡ, ಕೊನೆಗೆ ಪ್ರಜ್ಞೆ ತಪ್ಪುವುದು. ಗೊತ್ತಾದರೆ ಚಿಕಿತ್ಸೆ ಸುಲಭ. ಗೊತ್ತಾಗದಿದ್ದರೆ ಪ್ರಾಣಕ್ಕೇ ಎರವು.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಬೆಚ್ಚುವುದೂ ಸಲ್ಲದು. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತೆಂದು ತೋರಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ತೋರಿಸಿತ್ತು. 2021ರಲ್ಲಿ ಭಾರತದಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡ್‌ನ ಅತಿಬಳಕೆಯೂ ಅದಕ್ಕೆ ಕಾರಣವೆಂದು ವೈದ್ಯರು ಎಚ್ಚರಿಸಿದರು. ಒಂದೇ ಮದ್ದು, ಬೇಕಾದವರಿಗೆ ಸಂಜೀವಿನಿ, ಬೇಡದವರಿಗೆ ಕಂಟಕ. ಆಸ್ತಮಾ ಇರುವ ಮಕ್ಕಳಿಗೆ ವೈದ್ಯರು ಬರೆದುಕೊಡುವ ಇನ್ಹೇಲರಿನಲ್ಲಿರುವ ಸ್ಟೀರಾಯ್ಡ್ ಬಹಳ ಸಣ್ಣ ಪ್ರಮಾಣದ್ದು, ನೇರ ಶ್ವಾಸಕೋಶಕ್ಕೆ ಹೋಗುವಂಥದ್ದು. ಹೆದರಿ ಅದನ್ನು ತಾವಾಗಿಯೇ ನಿಲ್ಲಿಸುವ ತಾಯಿತಂದೆಯರು ಮಗುವಿನ ಉಸಿರಿನ ಜೊತೆ ಆಟವಾಡಿದಂತೆ.

ಇನ್ನು ಮುಖ ಬೆಳ್ಳಗಾಗಲೆಂದು ಹದಿಹರೆಯದವರು ಹಚ್ಚಿಕೊಳ್ಳುವ ಮುಲಾಮುಗಳ ಮಾತು. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪಡರಿ ಮೊಡವೆ ತುಂಬುತ್ತದೆ, ಬಿಟ್ಟರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ನಿಯಮ ಅಂಗಡಿಯಲ್ಲಿದ್ದರೆ ಸಾಲದು, ಮನೆಯ ಕನ್ನಡಿಯ ಮುಂದೆಯೂ ಇರಬೇಕು.

ಪರೀಕ್ಷೆಯ ಮನೆ

ಈಗ ವಿದ್ಯಾರ್ಥಿಗಳ ಮಾತು. ಪ್ರಶ್ನೆಪತ್ರಿಕೆ ಕೈಗೆ ಬರುವಾಗ ಎದೆ ಡವಗುಟ್ಟುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಹೇಡಿತನವಲ್ಲ. ಹಾವು ಕಂಡಾಗ ನಡೆಯುವ ಕಾರ್ಯವೇ ಇಲ್ಲಿಯೂ ನಡೆಯುತ್ತದೆ. ದೇಹಕ್ಕೆ ಹಾವೂ ಒಂದೇ, ಬೀಜಗಣಿತವೂ ಒಂದೇ! ಸ್ವಲ್ಪ ಮಟ್ಟಿನ ಈ ಎಚ್ಚರ ಒಳ್ಳೆಯದೇ. ನಾಲ್ಕು ಸಲ ನಿಧಾನವಾಗಿ ಉಸಿರೆಳೆದು ಬಿಟ್ಟು, ಗೊತ್ತಿರುವ ಪ್ರಶ್ನೆಯಿಂದ ಆರಂಭಿಸಿದರೆ ಆ ಆರ್ಭಟ ತಾನಾಗಿ ಇಳಿಯುತ್ತದೆ. ಅಡ್ರಿನಲಿನ್ನಿನ ಆಯುಸ್ಸೇ ಕೆಲವು ನಿಮಿಷಗಳದು.

ಕಷ್ಟವಿರುವುದು ಈ ಗಂಟೆ ವರ್ಷವಿಡೀ ಬಾರಿಸುತ್ತಿದ್ದರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳನ್ನು ಚಳಿ, ಗಾಯ, ಅತಿಯಾದ ಆಯಾಸ ಇವುಗಳಿಗೆ ಗುರಿ ಮಾಡಿ ನೋಡಿದ. ಕಾರಣ ಯಾವುದೇ ಇದ್ದರೂ ಪರಿಣಾಮ ಒಂದೇ ಬಗೆ: ಅಡ್ರಿನಲ್ ಸಿಪ್ಪೆ ಊದಿಕೊಂಡಿತ್ತು, ಹೊಟ್ಟೆಯಲ್ಲಿ ಹುಣ್ಣುಗಳಾಗಿದ್ದವು. ಮಕ್ಕಳು ಇಲಿಗಳಲ್ಲ, ಮನೆ ಪಂಜರವಲ್ಲ, ನಿಜ. ಆದರೆ ಹೆಚ್ಚು ಕಾಲ ಏರಿಯೇ ಇರುವ ಕಾರ್ಟಿಸಾಲ್ ನಿದ್ರೆಯನ್ನೂ ರೋಗನಿರೋಧ ಶಕ್ತಿಯನ್ನೂ ಕೆಡಿಸುತ್ತದೆ ಎನ್ನುವುದಕ್ಕೆ ಸಾಕಷ್ಟು ಆಧಾರಗಳಿವೆ. ಒಮ್ಮೆಲ ಏರಿದ ಕಾರ್ಟಿಸಾಲ್ ಓದಿದ್ದನ್ನು ನೆನಪಿಗೆ ತಂದುಕೊಳ್ಳಲು ಅಡ್ಡಿಯಾಗುತ್ತದೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ‘ಎಲ್ಲಾ ಓದಿದ್ದೆ ಅಮ್ಮಾ, ಅಲ್ಲಿ ಒಂದೂ ಹೊಳೆಯಲಿಲ್ಲ’ ಎಂದು ಅಳುವ ಮಗು ಸುಳ್ಳು ಹೇಳುತ್ತಿಲ್ಲ. ‘ಪಕ್ಕದ ಮನೆಯವನಿಗೆ ಎಷ್ಟು ಬಂತು ನೋಡು’ ಎಂದು ದಿನಕ್ಕೆ ಮೂರು ಹೊತ್ತು ಕೇಳಿಸುವ ಮಾತು ಮಗುವಿನ ಪಾಲಿಗೆ ಎಂದೂ ಮುಗಿಯದ ಅಪಾಯದ ಗಂಟೆ.

ಅಡ್ರಿನಲ್ ದಣಿದಿದೆ, ಅದಕ್ಕೆ ಬಲ ಕೊಡುತ್ತೇವೆ ಎಂದು ಪುಡಿ, ಟಾನಿಕ್ ಮಾರುವವರೂ ಇದ್ದಾರೆ. ಅಂಥ ದಣಿವಿನ ರೋಗವನ್ನು ವೈದ್ಯವಿಜ್ಞಾನ ಒಪ್ಪಿಲ್ಲ. ಈ ಗ್ರಂಥಿ ಬೇಡುವುದು ಟಾನಿಕ್ ಅಲ್ಲ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ದೆ, ಸಂಜೆ ಒಂದಿಷ್ಟು ಆಟ, ಮನೆಯಲ್ಲಿ ಸಮಾಧಾನದ ಮಾತು. ಮಧ್ಯರಾತ್ರಿ ಇಳಿಯಬೇಕಾದ ಕಾರ್ಟಿಸಾಲ್ ಅನ್ನು ದೀಪ ಉರಿಸಿ, ಬೈದು ಎಬ್ಬಿಸಿ ಕೂರಿಸಬಾರದು. ವರ್ಷವಿಡೀ ದಿನಕ್ಕಿಷ್ಟು ಎಂದು ಸದ್ದಿಲ್ಲದೆ ಓದಿದ್ದೇ ಪರೀಕ್ಷೆಯ ಮೂರು ಗಂಟೆಗಳನ್ನು ನಡೆಸುತ್ತದೆ; ಸಿಪ್ಪೆಯ ಕಾರ್ಟಿಸಾಲ್ ತಿರುಳಿನ ಅಡ್ರಿನಲಿನ್ನನ್ನು ನಡೆಸುವ ಹಾಗೆ.

ಅಜ್ಜಿಯ ಮನೆಯ ಹುಡುಗಿ ಮಾಡಿದ ಕೆಲಸವನ್ನು ಯಾವ ಮನೆಯ ಮಕ್ಕಳಾದರೂ ಈ ಭಾನುವಾರ ಮಾಡಬಹುದು. ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ, ಎಷ್ಟು ದಿನದಿಂದ, ಯಾರು ಹೇಳಿದ್ದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆಯಲಿ. ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ತಪ್ಪದೆ ಬರೆದುಕೊಳ್ಳಲಿ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಹೆಸರು ಕಂಡರೆ ಕೆಂಪು ಶಾಯಿಯಿಂದ ಗೆರೆ ಎಳೆದು, ‘ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಕೇಳದೆ ಮುಂದುವರಿಸಲೂಬಾರದು’ ಎಂದು ಪಕ್ಕದಲ್ಲಿ ಬರೆಯಲಿ. ಆಮೇಲೆ ಆ ಹಾಳೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಲಿ. ಅದಕ್ಕೆ ಅಂಕ ಕೊಡುವವರು ಯಾರೂ ಇಲ್ಲ. ಆದರೆ ಒಂದಲ್ಲ ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ‘ಹೆಸರೇನು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ.